ಕೆಳಗಿನ ಕಾಯಿಲ್

“ಮನೇಲಿ ಎಷ್ಟು ಜನ ಇದೀರಿ?” ಪ್ಲಂಬರ್ ಕೆವ್ ಕೇಳಿದ.

“ಇಬ್ರು,” ಎಂದಳು ಅಮ್ಮ.

“ಮೂರ್ ಜನ,” ಎಂದಳು ಬ್ರೈಡಿ, ಅದೇ ಹೊತ್ತಿಗೆ.

ಕೆವ್ ಒಮ್ಮೆ ಅಮ್ಮನ ಮುಖ, ಒಮ್ಮೆ ಮಗಳ ಮುಖ ನೋಡಿದ. “ಮೊದ್ಲು ನೀವಿಬ್ರೂ ಲೆಕ್ಕ ಸರಿ ಮಾಡ್ಕೊಳ್ಳಿ. ಇಬ್ರಿಗಾದ್ರೆ ಬಿಸಿನೀರಿಗೆ ಚಿಕ್ಕ ಟ್ಯಾಂಕ್ ಸಾಕು. ಮೂರು ಜನಕ್ಕೆ ದೊಡ್ಡದೇ ಬೇಕು. ಆಮೇಲೆ ಬಿಸಿನೀರು ಸಾಲಲ್ಲ ಅಂತ ನನ್ನ ಬೈಬೇಡಿ.”

“ಚಿಕ್ಕದೇ ಹಾಕಿ,” ಎಂದಳು ಅಮ್ಮ.

ಬ್ರೈಡಿ ಅಮ್ಮನ ತೋಳು ಜಗ್ಗಿದಳು. ಚಿಕ್ಕ ಟ್ಯಾಂಕ್ ಎಂದರೆ ಅಣ್ಣ ಫಿನ್ ಇನ್ನು ಈ ಫ್ಲ್ಯಾಟಿಗೆ ಬರುವುದೇ ಇಲ್ಲ ಎಂದ ಹಾಗಲ್ಲವೇ?

ಹಳೆಯ ಟ್ಯಾಂಕ್ ಒಡೆದು ಕಾರ್ಪೆಟ್ಟೆಲ್ಲ ತೊಯ್ದುಹೋಗಿತ್ತು. ಬ್ಯಾಲರಟ್‌ನಲ್ಲಿ ಜುಲೈ ಎಂದರೆ ನಡು ಚಳಿಗಾಲ, ಕೇಳಬೇಕೇ? ಕೆಟಲಿನಲ್ಲಿ ನೀರು ಕಾಯಿಸಿ, ಮೈ ಒರೆಸಿಕೊಂಡು ಸ್ಕೂಲಿಗೆ ಓಡುವುದೇ ಸ್ನಾನ. ಟ್ಯಾಂಕ್ ಇದ್ದ ಕಪಾಟಿನಲ್ಲಿ ಫಿನ್‌ನ ಫುಟ್‌ಬಾಲ್ ಬೂಟುಗಳು ಇನ್ನೂ ಇದ್ದವು. ಬೆಚ್ಚಗೆ ಒಣಗಲಿ ಎಂದು ಅವನು ಅಲ್ಲೇ ಇಡುತ್ತಿದ್ದ.

ಜಗಳ ಹುಟ್ಟಿದ್ದೂ ಈ ಬಿಸಿನೀರಿನಿಂದಲೇ. ಫಿನ್ ಸ್ನಾನ ಮಾಡಿ ಬಂದನೆಂದರೆ ಆಮೇಲೆ ಹೋದವರಿಗೆ ತಣ್ಣೀರೇ ಗತಿ. ಈಸ್ಟರ್ ಮುಗಿದ ವಾರ, ಬ್ರೈಡಿ ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಿದ್ದಾಗಲೇ ನೀರು ತಣ್ಣಗಾಯಿತು.

“ಅಮ್ಮಾ, ಎಲ್ಲಾ ಇವನೇ ಖಾಲಿ ಮಾಡ್ದ. ಅರ್ಧ ಗಂಟೆ ಒಳಗೇ ಇದ್ದ,” ಎಂದು ಬೊಬ್ಬೆ ಹೊಡೆದಳು. ಅರ್ಧ ಗಂಟೆ ಎಂಬುದು ಅವಳು ಸೇರಿಸಿದ್ದು.

“ಐದೇ ನಿಮಿಷ ಅಮ್ಮ, ನಿನ್ನಾಣೆ,” ಎಂದ ಫಿನ್.

“ಸುಳ್ಳು ಬೇರೆ ಹೇಳ್ತೀಯಾ? ಥೇಟ್ ನಿಮ್ಮಪ್ಪನ ಬುದ್ಧಿ. ಹೋಗು, ಅವರ ಹತ್ರಾನೇ ಇರು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫಿನ್ ಅವತ್ತೇ ಬ್ಯಾಗು ತುಂಬಿಕೊಂಡು ಜೀಲಾಂಗ್‌ಗೆ, ಅಪ್ಪನ ಮನೆಗೆ ಹೊರಟುಹೋದ.

“ಅಯ್ಯೋ, ಇದರ ಅವತಾರ ನೋಡಿ,” ಎಂದ ಕೆವ್, ಕಪಾಟಿನೊಳಗಿಂದ. ಅವನ ಕೈಯಲ್ಲಿ ಬಿಳಿ ಸುಣ್ಣ ಹಿಡಿದು ತುಂಡಾದ, ನೀರು ಕಾಯಿಸುವ ಒಂದು ಕಾಯಿಲ್ ಇತ್ತು. “ಈ ಟ್ಯಾಂಕಿಗೆ ಎರಡು ಕಾಯಿಲ್. ಕೆಳಗಿಂದು ಸತ್ತು ವರ್ಷದ ಮೇಲಾಗಿರ್ಬೇಕು. ಮೇಲ್ಗಡೆ ಇರೋ ನೀರಷ್ಟೇ ಬಿಸಿಯಾಗ್ತಿತ್ತು. ಒಬ್ರು ಸ್ನಾನ ಮಾಡಿದ್ರೆ ಮುಗೀತು. ನಿಮಗೆ ಗೊತ್ತೇ ಆಗ್ಲಿಲ್ವಾ?”

ಅಮ್ಮ ಆ ತುಂಡನ್ನು ಕೈಗೆ ತೆಗೆದುಕೊಂಡು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು.

“ಹಾಗಾದ್ರೆ ಫಿನ್...”

“ಸುಮ್ನಿರು ಬ್ರೈಡಿ.”

ಅಮ್ಮ ಬಗ್ಗಿ ಕಪಾಟಿನಿಂದ ಬೂಟುಗಳನ್ನು ಎತ್ತಿಕೊಂಡಳು. “ದೊಡ್ಡದೇ ಹಾಕಿ,” ಎಂದಳು.

“ಈಗ ತಾನೆ ಇಬ್ರು ಅಂದ್ರಿ?”

“ದೊಡ್ಡದು ಅಂದ್ನಲ್ಲ.”

ಬ್ರೈಡಿಗೆ ಖುಷಿ ತಡೆಯಲಾಗಲಿಲ್ಲ. ಅಮ್ಮನ ಫೋನು ಎತ್ತಿಕೊಂಡು ಬಾಲ್ಕನಿಗೆ ಓಡಿ ಅಣ್ಣನಿಗೆ ಕರೆ ಮಾಡಿದಳು.

“ಫಿನ್, ಅಮ್ಮ ದೊಡ್ಡ ಟ್ಯಾಂಕ್ ಹಾಕಿಸ್ತಿದಾಳೆ. ಹಳೇದರಲ್ಲಿ ಕಾಯಿಲ್ ಹೋಗಿತ್ತಂತೆ ಕಣೋ. ನಿನ್ ತಪ್ಪೇ ಇರ್ಲಿಲ್ಲ.”

“ನನ್ ತಪ್ಪಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು,” ಎಂದ ಫಿನ್. “ಅಮ್ಮ ಸಾರಿ ಅಂದ್ಲಾ?”

“ಇಲ್ಲ. ಆದ್ರೆ ದೊಡ್ಡ ಟ್ಯಾಂಕ್...”

“ಟ್ಯಾಂಕ್ ವಿಷ್ಯ ಕೇಳ್ಲಿಲ್ಲ ನಾನು. ಹೋಗ್ಲಿ, ನೀನಾದ್ರೂ ಸಾರಿ ಹೇಳ್ತೀಯಾ? ಅರ್ಧ ಗಂಟೆ ಅಂದವಳು ನೀನೇ ತಾನೆ?”

ಎರಡೇ ಅಕ್ಷರದ ಮಾತು. ಸ್ಕೂಲಿನಲ್ಲಿ ಯಾರದಾದರೂ ಕಾಲು ತುಳಿದರೆ ತಾನಾಗಿ ಬಾಯಿಗೆ ಬರುವ ಮಾತು. ಈಗ ಏನು ಮಾಡಿದರೂ ನಾಲಿಗೆ ಹೊರಳಲಿಲ್ಲ.

“ಈ ಸಲ ನೀರು ತುಂಬಾ ಇರತ್ತೆ ಫಿನ್,” ಎಂದಳು ಬ್ರೈಡಿ.

“ಇರ್ಲಿ ಬಿಡು. ನೀವಿಬ್ರೇ ಆರಾಮಾಗಿ ಸ್ನಾನ ಮಾಡ್ಕೊಳ್ಳಿ.” ಅವನು ಫೋನ್ ಇಟ್ಟುಬಿಟ್ಟ.

ಒಳಗೆ ಅಮ್ಮ ಸಿಂಕಿನ ಮುಂದೆ ನಿಂತು ಫಿನ್‌ನ ಬೂಟು ತೊಳೆಯುತ್ತಿದ್ದಳು. ಒಣಗಿದ ಕೆಸರೆಲ್ಲ ಯಾವಾಗಲೋ ಹೋಗಿತ್ತು. ಆದರೂ ಉಜ್ಜುತ್ತಲೇ ಇದ್ದಳು. ತಣ್ಣೀರಿಗೆ ಅವಳ ಬೆರಳುಗಳು ಕೆಂಪಾಗಿದ್ದವು.

ಅಮ್ಮನ ಮೇಲೆ ಸಿಟ್ಟು ಮಾಡಬೇಕೆಂದೇ ಬ್ರೈಡಿ ಬಂದಿದ್ದಳು. ಸಿಟ್ಟು ಬರಲಿಲ್ಲ. ಇನ್ನೊಂದು ಬೂಟು ಎತ್ತಿಕೊಂಡು ಅಮ್ಮನ ಪಕ್ಕದಲ್ಲೇ ನಿಂತು, ಅದೇ ತಣ್ಣೀರಿನ ಕೆಳಗೆ ಹಿಡಿದಳು.