ಅಲೆಗೋಡಿನ ಹಗ್ಗ ಮತ್ತು ಕರಿಯ ಶಂಖ

ಬೆಟ್ಟಗಳೂ ಬಾಯಿಬಿಟ್ಟು ಮಾತಾಡುತ್ತಿದ್ದ ಕಾಲದಲ್ಲಿ ತಾರಾವತಿ ಎಂಬ ರಾಜ್ಯವಿತ್ತು. ಅದರ ನಡುವೆ ಬೆಳ್ಳಿಯಂಥ ನೀರಿನ ಹೊಳೆ. ಈ ದಡದಲ್ಲಿ ಅಲೆಗೋಡು, ಆ ದಡದಲ್ಲಿ ಗಿರಿಗೋಡು. ವರ್ಷಕ್ಕೊಮ್ಮೆ ಎರಡೂರಿನ ಜಟ್ಟಿಗಳು ಹೊಳೆಗೆ ಅಡ್ಡಲಾಗಿ ಹಗ್ಗ ಜಗ್ಗುತ್ತಿದ್ದರು. ಹಗ್ಗವನ್ನು ಮಹಾಸರ್ಪವೊಂದು ಕಳಚಿದ ಪೊರೆಯಿಂದ ಹೊಸೆದಿದ್ದರು. ಬಿಸಿಲು ಬಿದ್ದರೆ ಅದು ಉಸಿರಾಡುತ್ತಿತ್ತು.

ಪ್ರತಿ ವರ್ಷವೂ ನೀರಿಗೆ ಬೀಳುತ್ತಿದ್ದವರು ಅಲೆಗೋಡಿನವರೇ.

ಅಲೆಗೋಡಿನ ಜಕ್ಕಬ್ಬೆ ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ಸೋಲು ನೋಡಿದವಳು. ಈಗ ಅವಳ ತಲೆಯಲ್ಲಿ ನರೆ ಇಣುಕಿತ್ತು. ಆದರೂ ಪಂದ್ಯದ ದಿನ ಬಂತೆಂದರೆ ಬೆಳಗಾಗುತ್ತಲೇ ದಡದಲ್ಲಿರುತ್ತಿದ್ದಳು.

ಆ ವರ್ಷ ಅಲೆಗೋಡಿನವರ ಕಾಲು ಬೇಗನೆ ಜಾರತೊಡಗಿತು. "ಇದು ಇದ್ದದ್ದೇ" ಎಂದು ಜನ ಗುಂಪುಗುಂಪಾಗಿ ಎದ್ದರು. ನೋಡನೋಡುತ್ತಲೇ ದಡದಲ್ಲಿ ಉಳಿದವಳು ಜಕ್ಕಬ್ಬೆ ಒಬ್ಬಳೇ. ಆಗ ಬೆಳ್ಳಕ್ಕಿಯೊಂದು ಅವಳ ಪಕ್ಕಕ್ಕೆ ಬಂದಿಳಿಯಿತು.

"ಅವ್ವಾ, ಬಂಡೆಯ ಮೇಲೆ ಕೂತಿರುವವನನ್ನು ನೋಡು. ಅವನು ಕಾಳಶಂಖನೆಂಬ ಮಾಂತ್ರಿಕ. ಪಂದ್ಯದ ನಡುವೆ ಎದ್ದು ಹೋದವರ ದನಿಯೆಲ್ಲ ಅವನ ಶಂಖಕ್ಕೆ ಸೇರುತ್ತದೆ. ಹಿಂದೆಲ್ಲ ದನಿಯ ಚೂರನ್ನಷ್ಟೇ ಕದಿಯುತ್ತಿದ್ದ; ಈ ಸಲ ಇಡೀ ದನಿಯನ್ನೇ ಕದಿಯುತ್ತಿದ್ದಾನೆ. ಒಂದೊಂದು ದನಿ ಸೇರಿದಂತೆ ನಿಮ್ಮವರ ಬೆರಳು ಕಲ್ಲಾಗುತ್ತದೆ. ನಿನ್ನದೂ ಸೇರಿದರೆ ಅವರು ಪೂರಾ ಕಲ್ಲು. ಕೊನೆಯವರೆಗೆ ನೀನೊಬ್ಬಳು ಕೂಗಿದರೆ ಶಂಖ ಒಡೆಯುತ್ತದೆ."

ಜಕ್ಕಬ್ಬೆ ಮನೆಗಳತ್ತ ನೋಡಿದಳು. ಹೋದವರು ಬಾಯಿ ಆಡಿಸುತ್ತಿದ್ದರು. ಮಾತೇ ಬರುತ್ತಿರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು: "ಎಳೀರಪ್ಪಾ! ಎಳಿ ಕೇತಣ್ಣಾ!"

ಕಾಳಶಂಖ ಬೆಚ್ಚಿ ತಿರುಗಿದ. ಕೈ ಬೀಸಿದ. ಚಿನ್ನದ ಹಂಸವೊಂದು ತೇಲಿಬಂತು.

"ಬಾ, ಗೆಲ್ಲುವವರ ದಡಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ಹೂವಿನ ಮಳೆ ಸುರಿಯುತ್ತದೆ" ಎಂದಿತು ಹಂಸ.

"ಅಲ್ಲಿ ಕೂತು ನಾನು ಯಾರ ಹೆಸರು ಕೂಗಲಿ?" ಎಂದಳು ಜಕ್ಕಬ್ಬೆ. ಹಂಸ ನೊರೆಯಾಗಿ ಕರಗಿತು.

ಮಾಂತ್ರಿಕ ಹಲ್ಲು ಕಡಿದ. ಬೆಂಕಿಯ ಹುಲಿಯೊಂದು ಅವಳೆದುರು ಬಂದು ನಿಂತಿತು. ಅದರ ಉಸಿರಿಗೆ ಅವಳ ಮುಂಗೂದಲು ಸುಟ್ಟಿತು. ಅವಳು ಎರಡೂ ಕೈಯಲ್ಲಿ ಹುಲ್ಲನ್ನು ಬಿಗಿಹಿಡಿದು, ಕಣ್ಣು ಮುಚ್ಚಿ, ಜಟ್ಟಿಗಳ ಹೆಸರನ್ನು ಒಂದೊಂದಾಗಿ ಕೂಗಿದಳು. ಕಣ್ಣು ತೆರೆದಾಗ ಹುಲಿ ಇರಲಿಲ್ಲ, ಹೊಗೆಯಿತ್ತು.

ಮೂರನೆಯದು ಮಾಯೆಯಾಗಿರಲಿಲ್ಲ. ಜಟ್ಟಿಗಳ ಮುಂದಾಳು ಕೇತಣ್ಣನೇ ತಿರುಗಿ ನೋಡಿದ. ಅವನ ಬೆರಳು ಕಲ್ಲಾಗಿ ಹಗ್ಗ ಜಾರುತ್ತಿತ್ತು.

"ಸಾಕು ತಂಗೀ. ಮನೆಗೆ ಹೋಗು. ನಾವು ಬೀಳೋದನ್ನ ಇನ್ನೊಂದು ಸಲ ನೋಡಬೇಡ."

ಹಂಸಕ್ಕೆ, ಹುಲಿಗೆ ಬಗ್ಗದವಳು ಈ ಮಾತಿಗೆ ಅರ್ಧ ಎದ್ದೇಬಿಟ್ಟಳು. ಮತ್ತೆ ಕೂತಳು.

"ನೀವು ಬೀಳೋದನ್ನ ನೋಡೋಕೆ ಬಂದವಳಲ್ಲಣ್ಣಾ. ನೀವು ಎಳೆಯೋದನ್ನ ನೋಡೋಕೆ ಬಂದವಳು. ಎಳಿ!"

ಕೇತಣ್ಣ ತುಟಿ ಕಚ್ಚಿ ಮತ್ತೆ ಎಳೆದ. ಆದರೂ ಹಗ್ಗ ಕೈ ತಪ್ಪಿತು. ಅಲೆಗೋಡಿನವರೆಲ್ಲ ಹೊಳೆಗೆ ಬಿದ್ದರು. ಕಲ್ಲಿನ ಕೈಗಳ ಭಾರಕ್ಕೆ ಮುಳುಗಿಯೇ ಹೋದರು. ಜಕ್ಕಬ್ಬೆಯ ಗಂಟಲು ಬಿದ್ದುಹೋಗಿತ್ತು. ಹಗ್ಗದ ಕೊನೆಯ ಅಲುಗಾಟ ನಿಲ್ಲುವವರೆಗೂ ಅವಳು ಪಿಸುದನಿಯಲ್ಲೇ ಅವರ ಹೆಸರು ಹೇಳುತ್ತಿದ್ದಳು.

ಶಂಖ ಫಳ್ ಎಂದು ಒಡೆಯಿತು.

ಒಳಗಿದ್ದ ದನಿಗಳೆಲ್ಲ ಹೊರಬಂದವು. ಜೋಗುಳಗಳು, ನಗು, ಜಗಳ, ಸಂತೆಯ ಕೂಗು, ತೀರಿಹೋದವರ ದನಿ ಕೂಡ. ಅವು ಮಿಂಚುಹುಳಗಳಂತೆ ಹಗಲಿನ ಆಕಾಶವನ್ನೇ ತುಂಬಿದವು. ಅವುಗಳ ನಡುವೆ ಅಪ್ಪನ ಕೇಕೆ ಕೇಳಿ ಜಕ್ಕಬ್ಬೆ ಉಸಿರು ಬಿಗಿಹಿಡಿದಳು. ಬೆಟ್ಟಗಳು ತಲೆಬಾಗಿದವು. ಹೊಳೆ ಹರಿಯುವುದನ್ನು ಮರೆತು ನಿಂತಿತು. ಒಂದೊಂದು ದನಿಯೂ ತನ್ನ ಗಂಟಲು ಹುಡುಕಿಕೊಂಡು ಹೋಯಿತು. ಊರಿಗೆ ಊರೇ ದಡಕ್ಕೆ ಓಡಿಬಂದು "ಎಳೀರೋ!" ಎಂದು ಅಬ್ಬರಿಸಿತು. ಆ ಅಬ್ಬರಕ್ಕೆ ಜಟ್ಟಿಗಳ ಕಲ್ಲು ಕರಗಿತು. ಅವರು ಒಬ್ಬೊಬ್ಬರಾಗಿ ನೀರಿನಿಂದ ಮೇಲೆದ್ದರು. ಗಿರಿಗೋಡಿನವರೇ ಹೊಳೆಗೆ ಧುಮುಕಿ ಅವರಿಗೆ ಕೈಕೊಟ್ಟರು. ಕಾಳಶಂಖ ಕುಗ್ಗಿ ಕುಗ್ಗಿ ಬಸವನಹುಳುವಾಗಿ ಕೆಸರು ಸೇರಿದ.

ಮುಂದಿನ ವರ್ಷವೂ ಅಲೆಗೋಡು ಸೋತಿತು. ಆದರೆ ದಡ ಬಿಟ್ಟು ಯಾರೂ ಏಳಲಿಲ್ಲ. ಅದರ ಮುಂದಿನ ವರ್ಷ ಗಿರಿಗೋಡಿನವರು ದೊಪ್ಪನೆ ನೀರಿಗೆ ಬಿದ್ದರು. ಊರು ಕುಣಿಯಿತು. ಜಕ್ಕಬ್ಬೆ ಮಾತ್ರ ಕೂಗಲು ಬಾಯಿ ತೆರೆದವಳು ಕೂಗಲಾರದೆ ಕೂತು ಅತ್ತಳು. ಕೇತಣ್ಣ ಅವಳ ಪಕ್ಕದಲ್ಲಿ ಕೂತ.

ಆಮೇಲೆ ಗೆಲುವು ಎರಡೂ ದಡಗಳಿಗೆ ಹೋಗಿಬರುತ್ತಿತ್ತು. ಹೊಳೆ ಹರಿಯುವಷ್ಟು ಕಾಲವೂ ಆ ಜನ ನಗುನಗುತ್ತಾ ಬಾಳಿದರು.