ಬಿಸಿ ಹತ್ತದ ಪಾದಗಳು

"ನಿಮ್ಮ ಆಯಿನ್ನ ಹಿಂದ ಕೂಡಸ್ರಿ. ಬಾಗಲ ಹತ್ರ. ಚಪ್ಪಲ ಮಗ್ಗಲ್ದಾಗ ಇರ್ಲಿ."

ಪ್ರತಿಮಾ ತಲೆ ಎತ್ತಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಾಡಿನ ಪುಸ್ತಕಗಳ ಕಟ್ಟು, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಬನಹಟ್ಟಿಯ ಆ ಸಣ್ಣ ಚರ್ಚಿಗೆ ಹೊಸದಾಗಿ ಬರತೊಡಗಿದ್ದ ಬಾಳೇಶ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಅವನಿಗೆ ಕೆಲಸ. ಬಂದು ತಿಂಗಳಾಗಿಲ್ಲ, ಆಗಲೇ ಜಮಖಾನೆ ಹಾಸುವುದು, ಪುಸ್ತಕ ಹಂಚುವುದು, ಯಾರು ಎಲ್ಲಿ ಕೂಡಬೇಕೆಂದು ಹೇಳುವುದು... ಎಲ್ಲ ಅವನದೇ. ಈಗ ಹೆಂಗಸರ ಕಡೆಗೂ ಬಂದು ನಿಂತಿದ್ದಾನೆ!

ಹಿಂದೆ... ಚಪ್ಪಲಿಯ ಮಗ್ಗಲಲ್ಲಿ...

ಪಕ್ಕದಲ್ಲಿ ಆಯಿ ಶಂಕ್ರೆವ್ವ ಕಣ್ಣು ಮುಚ್ಚಿ ಜಪಮಾಲೆ ಹಿಡಿದು ಕೂತಿದ್ದಳು. ಅಪ್ಪ, ಅವ್ವ ಇಬ್ಬರೂ ತೀರಿಹೋದ ಮೇಲೆ ಮೊಮ್ಮಗಳನ್ನು ಸಾಕಿದವಳು. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬಿ.ಎ. ಓದಿಸಿದವಳು. ಈ ಆಯಿಯ ಅಪ್ಪ ಗೌಡರ ಮನೆಯ ಹೊರಗೆ, ಚಪ್ಪಲಿಗಳ ಸಾಲಿನ ಪಕ್ಕ ಕೂತು ಉಂಡವನು. ಆ ಸಾಲಿನಿಂದ ಎದ್ದು ಬರಲೆಂದೇ ಆ ಮನೆತನ ಯೇಸುವಿನ ಹತ್ತಿರ ಬಂದದ್ದು. ಈಗ ಯೇಸುವಿನ ಮನೆಯಲ್ಲೇ ಒಬ್ಬ ಅದೇ ಸಾಲನ್ನು ಬೆರಳು ಮಾಡಿ ತೋರಿಸುತ್ತಿದ್ದಾನೆ.

ಪ್ರತಿಮಾ ಮಾತು ಕಡಿಮೆಯ ಹುಡುಗಿ. ಕೊಡಬೇಕಾದ ಉತ್ತರಗಳೆಲ್ಲ ಅವಳಿಗೆ ಮನೆ ಮುಟ್ಟಿದ ಮೇಲೆ ಹೊಳೆಯುತ್ತಿದ್ದವು. ಆದರೆ ಅವಳ ಕಣ್ಣುಗಳಿಗೆ ಆ ತೊಂದರೆ ಇರಲಿಲ್ಲ. ಕಾಲಿಗೆ ಮೆತ್ತಿದ ಕೆಸರನ್ನು ನೋಡುವಂತೆ ಅವನನ್ನು ನೋಡಿ, ಆಯಿಯ ಕೈ ಹಿಡಿದು ಎಬ್ಬಿಸಿ, ಇನ್ನೂ ಒಂದು ಸಾಲು ಮುಂದೆ ಹೋಗಿ ಕೂತಳು.

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ಚರ್ಚಿನಲ್ಲಿ ತಿರಸ್ಕಾರಕ್ಕೆ ಯೋಗ್ಯನಾದವನು ಅವನೊಬ್ಬನೇ ಅಲ್ಲ ಬಿಡಿ. ಚರ್ಚಿನ ಹಿರಿಯ ದುಂಡೇಶಣ್ಣ, ಸೀರೆಯ ವ್ಯಾಪಾರಿ, ಪ್ರಾರ್ಥನೆಯಲ್ಲಿ ತಾನೊಂದು ಹುಳ ಎಂದು ಕಣ್ಣೀರು ಹಾಕುತ್ತಿದ್ದ. ಹೊರಗೆ ಬಂದ ಮೇಲೆ ತನ್ನ ಚಪ್ಪಲಿಯ ಮೇಲೆ ಯಾರದಾದರೂ ಚಪ್ಪಲಿ ಬಿದ್ದಿದ್ದರೆ ಆ ಹುಳಕ್ಕೆ ಎಲ್ಲಿಲ್ಲದ ಸಿಟ್ಟು. ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರ, ಯೇಸು ತನ್ನ ಶಿಷ್ಯರ ಪಾದ ತೊಳೆದದ್ದರ ನೆನಪಿಗೆ, ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಆ ಹನ್ನೆರಡರಲ್ಲಿ ದುಂಡೇಶಣ್ಣನ ಪಾದ ತಪ್ಪಿದ ವರ್ಷವಿಲ್ಲ. ಪಾದ ತೊಳೆಸಿಕೊಳ್ಳಲು ಬರುವವರು ಹಿಂದಿನ ದಿನವೇ ಹಿಮ್ಮಡಿಯನ್ನು ಕಲ್ಲಿನಿಂದ ತಿಕ್ಕಿ, ಸಾಬೂನು ಹಚ್ಚಿ ತೊಳೆದು, ಕೊಬ್ಬರಿ ಎಣ್ಣೆ ಸವರಿಕೊಂಡು ಬರುತ್ತಿದ್ದರು. ತೊಳೆದ ಪಾದವನ್ನೇ ಮತ್ತೆ ತೊಳೆದು ಎಲ್ಲರೂ ಧನ್ಯರಾಗುತ್ತಿದ್ದರು.

ಆ ದುಂಡೇಶಣ್ಣ ಈಗ ಶಂಕ್ರೆವ್ವನ ಪಾದಗಳನ್ನೂ ಹೊಗಳತೊಡಗಿದ್ದ.

ಸಂಗತಿ ಇಷ್ಟೇ. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಡಬೇಕು. ಅಲ್ಲಿಂದ ಬಾಗಿಲವರೆಗೆ ಕರಿ ಪರಸಿ ಕಲ್ಲು ಹಾಸಿದ ಅಂಗಳ. ಬೇಸಿಗೆಯ ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಎಲ್ಲರೂ ಜಿಗಿಜಿಗಿದು ಓಡುವಾಗ ಶಂಕ್ರೆವ್ವ ಮಾತ್ರ ತಂಪು ಮಣ್ಣಿನ ಮೇಲೆ ನಡೆದಂತೆ ನಿಧಾನವಾಗಿ ಬರುತ್ತಿದ್ದಳು. ಅದು ವಿಶ್ವಾಸದ ಬಲ, ದೇವರ ಮಕ್ಕಳಿಗೆ ಬಿಸಿ ಹತ್ತುವುದಿಲ್ಲ ಎಂದು ದುಂಡೇಶಣ್ಣ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಹೇಳಿದ. ಜನ ದೇವರಿಗೆ ಸ್ತೋತ್ರ ಎಂದರು. ಪ್ರತಿಮಾಳಿಗೂ ಒಳಗೊಳಗೆ ಹೆಮ್ಮೆಯಾಗಿತ್ತು. ಇಂಥ ಆಯಿಯನ್ನು ಹಿಂದೆ ಕೂಡಿಸು ಎನ್ನುತ್ತಾನಲ್ಲ ಆ ಬಾಳೇಶ...

ಮುಂದಿನ ವಾರ ಬಾಳೇಶ ಮನೆಗೇ ಬಂದ. ಬೈಕು ಬಂದ್ ಮಾಡಲಿಲ್ಲ. ಕಾರ್ಖಾನೆಗೆ ಹೊತ್ತಾಗಿದೆಯೆಂದು ಹೇಳಿ, ಕಾಗದದಲ್ಲಿ ಸುತ್ತಿದ್ದನ್ನು ಹೊಸ್ತಿಲ ಮೇಲಿಟ್ಟು, "ಆಯಿಗೆ" ಎಂದಷ್ಟೇ ಅಂದು ಹೊರಟುಹೋದ.

ಬಿಚ್ಚಿ ನೋಡಿದರೆ ಒಂದು ಜೊತೆ ಚಪ್ಪಲಿ. ಕಪ್ಪಗೆ, ದಪ್ಪಗೆ, ಹಿಮ್ಮಡಿಗೆ ಪಟ್ಟಿ ಇದ್ದದ್ದು.

ಹೊಸ್ತಿಲ ಮೇಲೆ ಚಪ್ಪಲಿ! ಪ್ರತಿಮಾಳ ಮೈ ಉರಿಯಿತು. 'ನಿಮ್ಮ ಜಾಗ ಯಾವುದೆಂದು ಮರೆತಿದ್ದರೆ ಇದನ್ನು ನೋಡಿ ನೆನಪು ಮಾಡಿಕೊಳ್ಳಿ' ಎಂದಲ್ಲವೇ ಇದರ ಅರ್ಥ?

ಭಾನುವಾರ ಪೂಜೆ ಮುಗಿದ ಮೇಲೆ ದುಂಡೇಶಣ್ಣ ಮತ್ತು ಕಮಿಟಿಯವರು ಆ ವರ್ಷದ ಹನ್ನೆರಡು ಜನರನ್ನು ಆರಿಸಲು ಕೂತಿದ್ದರು. ಫಾದರ್ ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿಯುವ ಕೆಲಸ ಬಾಳೇಶನಿಗೆ ಸಿಕ್ಕಿತ್ತು. ಪ್ರತಿಮಾ ನೇರ ಒಳಗೆ ಹೋದಳು. ಚಪ್ಪಲಿಗಳನ್ನು ಅವನ ಮುಂದೆ ಟೇಬಲ್ಲಿನ ಮೇಲಿಟ್ಟಳು.

"ನಿಮ್ಮ ದಾನ ನೀವೇ ಇಟ್ಕೋರಿ. ನಮ್ಮ ಮಂದಿ ಚಪ್ಪಲ ಮಗ್ಗಲ್ದಾಗ ಕೂಡೂದು ಬಿಟ್ಟು ಭಾಳ ವರ್ಷಾತು."

ಬಾಳೇಶನ ಮುಖ ಕೆಂಪಾಯಿತು. ಹೇಳಬೇಕಾದ ಒಂದು ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಆದರೆ ದುಂಡೇಶಣ್ಣ ಕಿಸಕ್ಕನೆ ನಕ್ಕುಬಿಟ್ಟ. ಆ ನಗುವಿಗೆ ಬಾಳೇಶನ ಅಭಿಮಾನ ಮುರುಟಿಕೊಂಡಿತು. 'ಇಷ್ಟು ಓದಿದವಳು, ಯಾಕೆಂದು ಒಂದು ಮಾತು ಕೇಳಲಿಲ್ಲ. ಹೋಗಲಿ' ಎಂದುಕೊಂಡು ಚಪ್ಪಲಿ ಎತ್ತಿಕೊಂಡು ಹೊರಗೆ ನಡೆದ.

ಅವಳ ತಿರಸ್ಕಾರಕ್ಕೆ ಅವನ ತಿರಸ್ಕಾರ ಸರಿಹೋಯಿತು. ಇಬ್ಬರ ನಡುವೆ ಶಂಕ್ರೆವ್ವ ಬರಿಗಾಲಲ್ಲಿ ಉಳಿದಳು.

ಪವಿತ್ರ ವಾರದ ಮೊದಲ ದಿನ, ಗರಿಗಳ ಭಾನುವಾರ ಬಂತು. ಕೈಯಲ್ಲಿ ಗರಿ ಹಿಡಿದು, ಹಾಡು ಹೇಳುತ್ತ, ರಬಕವಿ ರಸ್ತೆಯಿಂದ ಚರ್ಚಿನವರೆಗೆ ಬರಿಗಾಲಲ್ಲಿ ಮೆರವಣಿಗೆ. ಫಾದರ್ ಬರುವುದು ತಡವಾಗಿ ಬಿಸಿಲು ಏರಿತ್ತು. ಡಾಂಬರು ಮೆತ್ತಗಾಗಿತ್ತು. ದುಂಡೇಶಣ್ಣ ಬಿಳಿ ಗೆರೆಯ ಮೇಲೆ ತುದಿಗಾಲಲ್ಲಿ ನಡೆಯುತ್ತಲೇ ಶಂಕ್ರೆವ್ವನನ್ನು ಎಲ್ಲರಿಗೂ ತೋರಿಸಿದ. ಅವಳು ಹಾಡುತ್ತ ನಡೆದೇ ನಡೆದಳು.

ಸಂಜೆ ಕಸ ಗುಡಿಸುವಾಗ ನೆಲದ ಮೇಲೆ ಒದ್ದೆ ಹೆಜ್ಜೆಗಳು ಕಂಡವು. ಕೊಡ ಸೋರಿರಬೇಕು ಎಂದುಕೊಂಡಳು ಪ್ರತಿಮಾ. ಹೆಜ್ಜೆಗಳು ಆಯಿಯ ಹಾಸಿಗೆಯವರೆಗೆ ಹೋಗಿದ್ದವು. ಬಗ್ಗಿ ಆಯಿಯ ಅಂಗಾಲು ನೋಡಿದಳು...

ಚರ್ಮ ಬೊಬ್ಬೆಯೆದ್ದು ಒಡೆದು, ಒದ್ದೆ ಕಾಗದದಂತೆ ಜೋತುಬಿದ್ದಿತ್ತು.

"ಆಯಿ... ನೋಯಾಕತ್ತಿಲ್ಲೇನ?"

"ಏನ ಬೇ?" ಎಂದಳು ಶಂಕ್ರೆವ್ವ, ತಾನೂ ಬಗ್ಗಿ ನೋಡುತ್ತ.

ಜಮಖಂಡಿಯ ಡಾಕ್ಟರು ಪಾದಕ್ಕೆ ಸೂಜಿ ಚುಚ್ಚಿ ನೋಡಿದರು. ಆಯಿ ಅವರ ಹಿಂದಿದ್ದ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಸಕ್ಕರೆ ಕಾಯಿಲೆಗೆ ಕಾಲಿನ ನರ ಸತ್ತಿವೆ, ಅದಕ್ಕೇ ಬಿಸಿ ಗೊತ್ತಾಗುವುದಿಲ್ಲ ಎಂದರು. ಗಾಯ ದಿನಾ ತೊಳೆದು ಪಟ್ಟಿ ಕಟ್ಟಬೇಕು, ಆ ಕಾಲಿನ ಮೇಲೆ ಭಾರ ಬೀಳಬಾರದು, ಕೀವು ಮೂಳೆಗೆ ಇಳಿದರೆ ಪಾದ ತೆಗೆಯಬೇಕಾಗುತ್ತದೆ ಎಂದರು. ಕೊನೆಗೆ ಕನ್ನಡಕ ತೆಗೆದು ಕೇಳಿದರು: ಇಂಥವರು ಹೆಜ್ಜೆ ಇಡುವಲ್ಲೆಲ್ಲ ಮೆತ್ತನೆಯ, ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಬೇಕೆಂದು ನಿಮಗೆ ಯಾರೂ ಹೇಳಿರಲಿಲ್ಲವೇ?

ಪ್ರತಿಮಾ ನೆಲ ನೋಡಿದಳು. ಯಾರೂ ಹೇಳಿರಲಿಲ್ಲ. ಒಬ್ಬ ತಂದು ಹೊಸ್ತಿಲ ಮೇಲೆ ಇಟ್ಟಿದ್ದ, ಅಷ್ಟೇ.

ವಿಶ್ವಾಸವಂತೆ... ಬಲವಂತೆ... ಸತ್ತ ನರಕ್ಕೆ ಸ್ತೋತ್ರ ಹೇಳಿದ ಆ ಜನರ ಮೇಲೆ ಅವಳಿಗೆ ಹೇಸಿಗೆಯಾಯಿತು. ಆ ಜನರ ನಡುವೆ ಹೆಮ್ಮೆಯಿಂದ ತಲೆಯೆತ್ತಿ ಕೂತಿದ್ದ ಹುಡುಗಿ ನೆನಪಾಗಿ ಹೇಸಿಗೆ ಇನ್ನೂ ಹೆಚ್ಚಾಯಿತು.

ಮರುದಿನ ಆಯಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಸಮೀರವಾಡಿಯ ಬಸ್ಸು ಹತ್ತಿದಳು. ಹಂಗಾಮು ಮುಗಿಯುತ್ತ ಬಂದಿದ್ದರೂ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಡ್ರೈವರುಗಳು ಸೀಟಿನಿಂದ ಬಗ್ಗಿ ಬಗ್ಗಿ ನೋಡುವಾಗ, ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕುತ್ತ ಕಾಟಾದ ಕಿಟಕಿಯವರೆಗೆ ನಡೆದಳು.

ಬಾಳೇಶ ಎದ್ದು ಹೊರಗೆ ಬಂದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ಆ ಚಪ್ಪಲ... ಅದಾವೇನ್ರಿ?" ಎಂದಳು.

ಅವನು ಕಾಟಾದ ಮೇಲಿದ್ದ ಗಾಡಿಗೆ ಮುಂದೆ ಹೋಗೆಂದು ಕೈ ಮಾಡಿ ಅವಳ ಕಡೆ ತಿರುಗಿದ.

"ನಮ್ಮವ್ವ ಗಲಗಲಿಯೊಳಗ ಅದಾಳ್ರಿ. ಒಂದ ಕಾಲಿಲ್ಲ. ಹೊಳಿ ದಂಡಿ ಮ್ಯಾಗಿನ ಕಾದ ಕಲ್ಲು ಆಕಿಗೂ ಬಿಸಿ ಹತ್ತಿರ್ಲಿಲ್ಲ. ನಿಮ್ಮ ಆಯಿ ಅಂಗಳದಾಗ ಬರೂದ ನೋಡಿ ನನ್ನ ಎದಿ ಧಸಕ್ ಅಂತು. ಬಾಗಲ ತನಕ ಚಪ್ಪಲ ಹಾಕ್ಕೊಂಡ ಬಂದು, ಬಿಟ್ಟು, ಅಲ್ಲೇ ಕೂಡ್ಲಿ, ಹೋಗುಮುಂದ ಕೈಗೆ ಸಿಗಲಿ ಅಂತ ಅಂದ್ನಿ."

"ಅಷ್ಟನ್ನ ಆವತ್ತೇ ಹೇಳಬಾರದಾಗಿತ್ತೇನ್ರಿ?"

"ಹೇಳಾಕ ಹೋದ್ನಿ. ನಿಮ್ಮ ಕಣ್ಣು ಬಿಡಬೇಕಲ್ಲ." ಅವನ ದನಿ ಒರಟಾಯಿತು. "ಬಿ.ಎ. ಓದೀರಿ ಅಂತಾರ. ಎಲ್ಲಾರಿಗೂ ಹತ್ತೂ ಬಿಸಿ ನಮ್ಮ ಆಯಿಗೆ ಯಾಕ ಹತ್ತವಲ್ದು ಅಂತ ಒಮ್ಮೆರ ಕೇಳ್ಕೊಂಡ್ರೇನು?"

ಅವಳಿಗೆ ಈ ಸಲ ಮನೆಗೆ ಹೋದ ಮೇಲೂ ಉತ್ತರ ಹೊಳೆಯುವಂತಿರಲಿಲ್ಲ. ಅವಳ ಕಣ್ಣು ತುಂಬಿದ್ದು ನೋಡಿ ಅವನ ಒರಟುತನ ಎಲ್ಲಿ ಹೋಯಿತೋ... ಬೈಕಿನ ಪೆಟ್ಟಿಗೆ ತೆರೆದ. ಚಪ್ಪಲಿಗಳು ಅದೇ ಕಾಗದದಲ್ಲಿ ಹಾಗೇ ಇದ್ದವು.

ಅಂದಿನಿಂದ ಪಾಳಿ ಮುಗಿದ ಮೇಲೆ ದಿನಾ ಬರತೊಡಗಿದ. ಅವ್ವನ ಕಾಲು ನೋಡಿಕೊಂಡ ಕೈ ಅದು. ಉಪ್ಪುನೀರಿನ ಬಾಟಲಿಯಿಂದ ಗಾಯ ತೊಳೆಯುವಾಗ ಮೂಗು ಮುಚ್ಚುತ್ತಿರಲಿಲ್ಲ, ದೇವರ ಹೆಸರು ಎತ್ತುತ್ತಿರಲಿಲ್ಲ, ಫೋಟೋ ತೆಗೆಯುತ್ತಿರಲಿಲ್ಲ. ದುಂಡೇಶಣ್ಣ ಮಾತ್ರ ಒಮ್ಮೆ ಬಂದು, ಬಾಗಿಲಲ್ಲೇ ನಿಂತು, ಮೂಗಿಗೆ ಕರ್ಚೀಫು ಹಿಡಿದು, ಉದ್ದದ ಪ್ರಾರ್ಥನೆ ಮಾಡಿ ಹೋದ. ಪ್ರತಿಮಾ ತಟ್ಟೆ ಹಿಡಿದು ನಿಲ್ಲುತ್ತಿದ್ದಳು, ಮುಖವನ್ನು ಒಂದಿಷ್ಟು ಆ ಕಡೆ ತಿರುಗಿಸಿ. ತಾನೂ ಮೂಗು ತಿರುಗಿಸುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಅದೇ ಹೆಚ್ಚು ಚುಚ್ಚುತ್ತಿತ್ತು.

ಪವಿತ್ರ ಗುರುವಾರದ ಸಂಜೆ. ಚರ್ಚಿನಲ್ಲಿ ಹನ್ನೆರಡು ಕುರ್ಚಿ ಹಾಕಿ ಆಗಿತ್ತು. ಇವತ್ತು ತಂಬಿಗೆ ಹಿಡಿಯುವವನು ಬರಲಾರ ಎಂದು ಪ್ರತಿಮಾ ಪಟ್ಟಿಯ ಬಟ್ಟೆಯನ್ನು ಕೈಯಲ್ಲಿ ಹಿಡಿದು ಹೆದರುತ್ತ ಕೂತಿದ್ದಳು. ಹೊರಗೆ ಬೈಕಿನ ಸದ್ದಾಯಿತು.

ಅವನು ಕೈ ತೊಳೆದು ಆಯಿಯ ಮುಂದೆ ಕೂತಾಗ ಫೋನು ಬಂತು. ಎಲ್ಲರೂ ಕಾಯುತ್ತಿದ್ದಾರೆ, ಎಲ್ಲಿ ಸತ್ತೆ ಎಂದು ದುಂಡೇಶಣ್ಣ ಕೂಗಾಡುವುದು ಕೋಣೆಗೆಲ್ಲ ಕೇಳಿಸಿತು.

"ಅಲ್ಲಿ ಎಲ್ಲಾ ಪಾದ ತೊಳದ ಬಂದಾವ್ರಿ ಅಣ್ಣಾರ," ಎಂದ ಬಾಳೇಶ. "ತೊಳೀಬೇಕಾದ್ದು ಇಲ್ಲೊಂದೈತಿ."

ಫೋನು ಬದಿಗಿಟ್ಟು ಬಟ್ಟೆಗೆ ಕೈ ಚಾಚಿದ. ಪ್ರತಿಮಾ ಕೊಡಲಿಲ್ಲ. ತಟ್ಟೆಯನ್ನು ಅವನ ಕೈಗೆ ಕೊಟ್ಟು ತಾನು ಕೆಳಗೆ ಕೂತಳು.

"ನೀವು ಹೇಳ್ರಿ. ನಾ ಮಾಡ್ತೀನಿ."

ವಾಸನೆ ಬಂತು. ಅವಳು ಮುಖ ತಿರುಗಿಸಲಿಲ್ಲ. ನಿಧಾನ, ಒರೆಸಬೇಡಿ, ಒತ್ತಿ ತೆಗೆಯಿರಿ ಎಂದು ಅವನು ಹೇಳುತ್ತಾ ಹೋದ. ಸತ್ತ ಚರ್ಮದ ಅಂಚಿನಲ್ಲಿ ಒಂದು ಕಡೆ ಹೊಸ ಚರ್ಮ ಗುಲಾಬಿ ಬಣ್ಣದಲ್ಲಿ ಇಣುಕಿತ್ತು. ಇಬ್ಬರೂ ಅದನ್ನು ಒಟ್ಟಿಗೇ ಕಂಡರು, ಒಟ್ಟಿಗೇ ತಲೆ ಎತ್ತಿದರು... ಆಮೇಲೆ ಕಣ್ಣು ಇಳಿಸುವುದನ್ನು ಇಬ್ಬರೂ ಮರೆತರು.

"ನನ್ನ ಕಾಲ ಇಲ್ಲೈತ್ರ್ಯಪಾ," ಎಂದಳು ಶಂಕ್ರೆವ್ವ, ಕಾಲು ಮುಂದೆ ಚಾಚಿ ನಗುತ್ತ.

ಕೃಷ್ಣೆಗೆ ಮಳೆಗಾಲದ ಹೊಸ ನೀರು ಬರುವ ಹೊತ್ತಿಗೆ ಗಾಯ ಮಾಗಿತ್ತು. ಪಾದ ಉಳಿಯಿತು. ಆದರೆ ಇನ್ನು ಒಂದು ಹೆಜ್ಜೆಯೂ ಬರಿಗಾಲಲ್ಲಿ ಇಡಕೂಡದೆಂದು ಡಾಕ್ಟರು ಹೇಳಿದ್ದರು. ಮೊದಲ ಭಾನುವಾರ ಆಯಿ ಆ ಕಪ್ಪು ಚಪ್ಪಲಿ ಹಾಕಿಕೊಂಡು ಅಂಗಳ ದಾಟಿ ಬಾಗಿಲಿಗೆ ಬಂದಳು. ದುಂಡೇಶಣ್ಣ ಅಡ್ಡ ನಿಂತ. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬರುವ ರೀತಿ ಎಲ್ಲಿಯದು, ಮೊದಲು ಎಷ್ಟು ವಿಶ್ವಾಸ ಇತ್ತು ಈಕೆಗೆ ಎಂದ.

ಪ್ರತಿಮಾಳಿಗೆ ಉತ್ತರ ಅಲ್ಲೇ ಹೊಳೆಯಿತು.

"ಆ ವಿಶ್ವಾಸಕ್ಕ ಇನ್ನೊಂದೀಟು ಸ್ತೋತ್ರ ಹೇಳಿದ್ರ ಆಯಿ ಕಾಲ ಹೋಗ್ತಿತ್ರಿ ಅಣ್ಣಾರ. ಸರೀರಿ."

ದುಂಡೇಶಣ್ಣ ಸರಿದ. ಸರಿಯುವಾಗ ಎಣ್ಣೆ ಹಚ್ಚಿ ಹಚ್ಚಿ ನುಣುಪಾಗಿದ್ದ ಅವನ ಪಾದಗಳು ನೆಲದ ಮೇಲೆ ಕೊಂಚ ಜಾರಿದವು.

ಆಯಿ ಎಲ್ಲರಿಗಿಂತ ಮುಂದೆ, ಚಪ್ಪಲಿ ಹಾಕಿಕೊಂಡೇ, ಸ್ಟೂಲಿನ ಮೇಲೆ ಕೂತಳು. ಪ್ರತಿಮಾ ತಿರುಗಿ ನೋಡಿದಳು. ಬಾಳೇಶ ಪುಸ್ತಕಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂಡುವ ಚರ್ಚು ಅದು. ಗಂಡು ಹೆಣ್ಣು ಮಗ್ಗಲಲ್ಲಿ ಕೂಡುವುದು ಮದುವೆಯ ದಿನ ಮಾತ್ರ.

ಪುಸ್ತಕ ಇಸಿದುಕೊಳ್ಳುವ ನೆಪದಲ್ಲಿ ಅವಳು ಅವನ ಹತ್ತಿರ ಬಂದಳು.

"ಇವತ್ತ ನಾ ಎಲ್ಲಿ ಕೂಡ್ಲಿ, ಹಿಂದ ಏನ?" ಎಂದ ಅವನು ಮೆಲ್ಲಗೆ.

"ಇವತ್ತ ಹಿಂದ ಕೂಡ್ರಿ." ಅವಳು ಪುಸ್ತಕದ ಜೊತೆ ಅವನ ಕೈಯನ್ನೂ ಹಿಡಿದಳು. ಕೈ ಬಿಡಲಿಲ್ಲ. "ಮುಂದ... ನನ್ನ ಮಗ್ಗಲ್ದಾಗ ಕೂಡೂದು ಯಾವಾಗ ಅಂತ ಫಾದರ್‌ನ ಕೇಳ್ರಿ."

ಅವನ ಕೈಯಿಂದ ಉಳಿದ ಪುಸ್ತಕಗಳು ಜಾರಿಬಿದ್ದವು. ಹೆಕ್ಕಲು ಇಬ್ಬರೂ ಬಗ್ಗಿದರು.

"ಆಯಿನ್ನ ಯಾರ ಕೇಳಾವ್ರು?" ಎಂದ.

"ಆಯಿ ಆ ಪವಿತ್ರ ಗುರುವಾರನ ಹೂಂ ಅಂದಾಳ," ಎಂದಳು ಪ್ರತಿಮಾ. "ಕಾಲ ತೋರಿಸಿ."