ಬೂಟು ಹೊರಗೆ ಬಿಟ್ಟು ಬನ್ನಿ

"ನಿಲ್ಲಸ್ರಿ! ಏನ್ ಮಾಡಸಾಕತ್ತೀರಿ ಮಕ್ಕಳ ಕಡೀಂದ?"

ಲಿಂಗಂಪಲ್ಲಿಯ ಕನ್ನಡ ಸಂಘದ ಹಾಲ್‌ನಲ್ಲಿ ಮಕ್ಕಳೆಲ್ಲ ಬೆಚ್ಚಿ ನಿಂತುಬಿಟ್ಟರು. ಅವರ ಟೀಚರ್ ಶಿವದೇವಿಯೂ! ಅವಳ ಒಂದು ಕಾಲು ನೆಲದಲ್ಲಿ ಬರೆದ 'ಇ' ಮೇಲಿತ್ತು, ಇನ್ನೊಂದು ಗಾಳಿಯಲ್ಲಿತ್ತು.

ಬಾಗಿಲಲ್ಲಿ ಎತ್ತರದ ಆಸಾಮಿಯೊಬ್ಬ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. ಬಸವಕಿರಣ. ಬೀದರ್ ಕಡೆಯವನು, ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ಎಂಜಿನಿಯರ್. ಅಣ್ಣನ ಮಗಳು ಪಿಂಕಿಯನ್ನು ಭಾನುವಾರದ ಕ್ಲಾಸಿನಿಂದ ಕರೆದೊಯ್ಯಲು ಬಂದಿದ್ದ.

"ಅ ಆ ಇ ಈ ಕಲಸಾಕತ್ತೀನ್ರಿ. ಕುಂಟಾಬಿಲ್ಲೆ ಆಡಿಸಿ," ಎಂದಳು ಶಿವದೇವಿ. "ಬಿಲ್ಲೆ ಯಾವ ಅಕ್ಷರದ ಮ್ಯಾಲೆ ಬೀಳತೈತಿ, ಆ ಅಕ್ಷರದಿಂದ ತಮಗ ಇಷ್ಟ ಆದದ್ದೊಂದರ ಹೆಸರು ಹೇಳಿ ಜಿಗೀಬೇಕು. ಸುಳ್ಳು ಹೇಳಿದ್ರ ಔಟ್."

"ಅಕ್ಷರದ ಮ್ಯಾಲೆ ಕಾಲಿಟ್ಟು? ಸರಸ್ವತಿನ್ನ ತುಳದು ವಿದ್ಯಾ ಕಲಸ್ತೀರೇನು? ನಾಚಿಕಿ ಬರಂಗಿಲ್ಲೇನ್ರಿ?"

ಬರೀ ಬೈದಿದ್ದರೆ ಮಾತು ಬೇರೆ. ಈ ಮಹಾರಾಯ ದಡದಡ ಒಳಗೆ ಬಂದು ಚಾಕ್‌ಪೀಸಿನ ಅಕ್ಷರಗಳನ್ನು ಉಜ್ಜಿ ಉಜ್ಜಿ ಅಳಿಸಿದ. ಯಾವುದರಿಂದ ಗೊತ್ತೇ? ಬೂಟಿನಿಂದ! ಸಿಟ್ಟಿನಲ್ಲಿ ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಶಿವದೇವಿಯ ಮೈಯೆಲ್ಲ ಉರಿದುಹೋಯಿತು.

"ಮಕ್ಕಳು ಚಪ್ಪಲಿ ಹೊರಗ ಬಿಟ್ಟು ಬಂದಾರ. ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಆಮ್ಯಾಲೆ ಕಾಲಿಡ್ತಾರ. ನಿಮ್ಮ ಕಾಲಾಗ ಏನೈತಿ, ಒಮ್ಮೆ ನೋಡಿಕೋರಿ!"

ಅವನು ತಲೆ ಬಗ್ಗಿಸಿ ನೋಡಿದ. ಬೂಟಿನ ತುಂಬ ಚಾಕ್ ಪುಡಿ... ಮುಖ ಕಪ್ಪಿಟ್ಟಿತು. ಆದರೆ ತಪ್ಪಾಯಿತು ಅಂದನೇ? ಎಲ್ಲಿ ಬಂತು! ಪಿಂಕಿಯ ಕೈ ಹಿಡಿದೆಳೆದುಕೊಂಡು ನೇರ ಸಂಘದ ಅಧ್ಯಕ್ಷ ಕಲ್ಯಾಣಪ್ಪನವರ ಮನೆಗೆ ಹೋಗಿ ದೂರು ಕೊಟ್ಟ.

ಕಲ್ಯಾಣಪ್ಪನವರು ಇಬ್ಬರನ್ನೂ ಕೂರಿಸಿ ತೀರ್ಪು ಹೇಳಿದರು. "ದಸರಾದ ಸರಸ್ವತಿ ಪೂಜಾತನಕ ಪ್ರತಿ ಭಾನುವಾರ ನೀನ ಬಂದು ಕ್ಲಾಸಿನ್ಯಾಗ ಕುಂದ್ರಪಾ ಕಿರಣ. ಆಮ್ಯಾಲೂ ಬ್ಯಾಡ ಅಂದ್ರ ಕ್ಲಾಸ್ ಬಂದ್."

ಈ ಮಕ್ಕಳಿಗೆ ಮನೆಯಲ್ಲಷ್ಟೇ ಕನ್ನಡ, ಹೊರಗೆಲ್ಲ ತೆಲುಗು, ಹಿಂದಿ. ಮನೆ ಮನೆ ಅಲೆದು, ಅಮ್ಮಂದಿರ ಕೈಕಾಲು ಹಿಡಿದು ಶಿವದೇವಿ ಕಟ್ಟಿದ ಕ್ಲಾಸು ಅದು. ಈಗ ಅದರ ಜುಟ್ಟು ಈ ಸಿಡುಕನ ಕೈಯಲ್ಲಿ!

ಅಂದಿನಿಂದ ಪ್ರತಿ ಭಾನುವಾರ ಅವನು ಬಾಗಿಲ ಬಳಿ ಕೈಕಟ್ಟಿ ಕೂರುತ್ತಿದ್ದ, ಪೊಲೀಸಿನವನ ಹಾಗೆ.

"ನಮಸ್ಕಾರ ಮಾಡಿ ತುಳದ್ರ ತುಳದಂಗ ಅಲ್ಲೇನ್ರಿ?" ಎಂದ ಒಮ್ಮೆ.

"ಮುಂಜಾನೆ ಭೂಮಿತಾಯಿಗೆ ನಮಸ್ಕಾರ ಮಾಡಿ ಆಕಿ ಮ್ಯಾಲೆ ಕಾಲಿಡಂಗಿಲ್ಲೇನ್ರಿ ನೀವು? ಹಾರಿಕೋತ ಕಾರ್ಖಾನಿಗೆ ಹೋಗ್ತೀರೇನು?"

ಮಕ್ಕಳು ಗೊಳ್ಳೆಂದರು. ಅವನಿಗೂ ನಗು ಬಂತು, ಥಟ್ಟನೆ ಗೋಡೆಯ ಕಡೆ ತಿರುಗಿದ. ಕೆನ್ನೆಯಲ್ಲೊಂದು ಗುಳಿ ಬಿದ್ದದ್ದು ಮಾತ್ರ ಶಿವದೇವಿಗೆ ಕಂಡುಹೋಯಿತು.

'ಹಾಳಾಗಿ ಹೋಗಲಿ ಆ ಗುಳಿ! ನನಗೇನಾಗಬೇಕು?' ಎಂದು ತನ್ನನ್ನೇ ಬೈದುಕೊಂಡಳು.

ಅವಳ ಸಂಕಟಕ್ಕೆ ಕಾರಣ ಬೇರೆಯೇ ಇತ್ತು. ಆ ದಿನದಿಂದ ಪಿಂಕಿ ಒಮ್ಮೆಯೂ ಜಿಗಿದಿರಲಿಲ್ಲ. ಮೂಲೆಯಲ್ಲಿ ಕೂತು ಫ್ರಾಕನ್ನು ಪಾದದ ಮೇಲೆ ಎಳೆದುಕೊಳ್ಳುತ್ತಿದ್ದಳು. ಪೂಜೆಗೆ ಒಂದು ವಾರ ಇದೆ ಎನ್ನುವಾಗ ಶಿವದೇವಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಯಾಕವ್ವಾ ಪಿಂಕಿ, ಆಡಂಗಿಲ್ಲೇನು?"

"ನನ್ನ ಕಾಲು ಕೆಟ್ಟಾವ ಟೀಚರ್... ಸರಸ್ವತಿಗೆ ಸಿಟ್ಟು ಬರತೈತಿ. ಕಾಕಾ ಹೇಳ್ಯಾನ."

ಶಿವದೇವಿ ಎದ್ದವಳೇ ಬಸವಕಿರಣನ ಎದುರು ನಿಂತಳು. ಕಣ್ಣು ತುಂಬಿದ್ದವು.

"ಕೇಳಿಸ್ತೇನ್ರಿ? ಇಷ್ಟು ಸಣ್ಣ ಕೂಸಿಗೆ ತನ್ನ ಕಾಲು ಕಂಡ್ರ ಹೇಸಿಗಿ ಆಗೂ ಹಂಗ ಮಾಡೀರಿ! ಬಂದ್ ಮಾಡಸ್ರಿ ಕ್ಲಾಸು, ಹೋಗ್ರಿ! ನಿಮ್ಮ ಮಾರಿ ನೋಡಾಕ ನನಗ ಮನಸಿಲ್ಲ!"

ಅವನ ಮುಖ ಪೆಚ್ಚಾಯಿತು. ಪಿಂಕಿಯನ್ನು ಎತ್ತಿಕೊಂಡು ಹೊರಟುಹೋದ.

ಆ ವಾರವೆಲ್ಲ ಶಿವದೇವಿಗೆ ಊಟ ಸೇರಲಿಲ್ಲ. 'ಮುಗಿಯಿತು. ನನ್ನ ಬಾಯಿಂದ ನಾನೇ ಕ್ಲಾಸು ಮುಚ್ಚಿಸಿದೆ...' ಅಷ್ಟಾದರೂ ಆಡಿದ ಮಾತಿಗೆ ಅವಳು ಮರುಗಲಿಲ್ಲ. ಎದೆಯಲ್ಲಿ ಚುಚ್ಚುತ್ತಿದ್ದದ್ದು ಅವನ ಆ ಪೆಚ್ಚು ಮುಖ.

ಪೂಜೆಯ ದಿನ ಬಂತು. ಮಂಗಳಾರತಿ ಆಯಿತು. ನೆಲದ ಮೇಲೆ ಕೊನೆಯ ಸಾಲು ಬರೆದಿತ್ತು. ಯ, ರ, ಲ, ವ, ಶ, ಷ, ಸ, ಹ, ಳ.

"ಹೇಳಪಾ ಕಿರಣ," ಎಂದರು ಕಲ್ಯಾಣಪ್ಪ. "ಕ್ಲಾಸ್ ಇಡೋದೋ, ಬಂದ್ ಮಾಡೋದೋ?"

ಶಿವದೇವಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಬಸವಕಿರಣ ಆಗಷ್ಟೇ ಬಂದು ಬಾಗಿಲ ಹೊರಗೇ ನಿಂತಿದ್ದ. ಅಲ್ಲೇ ಬೂಟು, ಕಾಲುಚೀಲ ಕಳಚಿಟ್ಟ. ಬರಿಗಾಲಲ್ಲಿ ಬಂದು ನೆಲ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡ.

"ಪಿಂಕಿ, ಕಾಕಾ ತಪ್ಪು ಹೇಳಿದ್ದೆ ಪುಟ್ಟಾ. ನನ್ನ ಕಾಲಿಗಿಂತ ನಿನ್ನ ಕಾಲು ಭಾಳ ಶಾಣ್ಯಾ ಅದಾವ. ಕಲಸು ಬಾ ನನಗ."

'ಯ' ಮೇಲೆ ಒಂಟಿ ಕಾಲಲ್ಲಿ ಜಿಗಿದ. 'ರ' ದಾಟಿದ. 'ಲ' ಹತ್ತಿರ ವಾಲಾಡಿ ಧೊಪ್ಪನೆ ಬಿದ್ದ!

"ಕಾಕಾ ಪಡಿಪೋಯಾಡು!" ಪಿಂಕಿ ತೆಲುಗಿನಲ್ಲೇ ಕಿರುಚಿ ನಕ್ಕಳು. ಫ್ರಾಕು ಕೈಬಿಟ್ಟು ಓಡಿ ಬಂದಳು. "ಹಂಗಲ್ಲ ಕಾಕಾ, ಹಿಂಗ! ಯ... ರ... ಲ... ವ!"

ಶಿವದೇವಿಯ ಕಣ್ಣಲ್ಲಿ ಬಳಬಳ ನೀರು.

"ತಿಳೀತು ಬಿಡಪಾ, ಕ್ಲಾಸ್ ನಡೀಲಿ," ಎಂದು ಕಲ್ಯಾಣಪ್ಪ ಕನ್ನಡಕ ಒರೆಸಿಕೊಂಡರು.

"ನನ್ನ ಆಟ ಮುಗದಿಲ್ರಿ ಇನ್ನೂ." ಬಸವಕಿರಣ ಬಿಲ್ಲೆ ತೆಗೆದುಕೊಂಡ. ಎಸೆಯಲಿಲ್ಲ. ಬಗ್ಗಿ, ಮೆಲ್ಲಗೆ 'ಶ' ಮೇಲೆ ಇಟ್ಟ.

"ಚೀಟಿಂಗ್! ಒಗೀಬೇಕು ಕಾಕಾ, ಇಡಬಾರದು!"

ಅವನು ಪಿಂಕಿಯ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವಳನ್ನೇ ನೋಡುತ್ತ ಹೇಳಿದ.

"ಶಿವದೇವಿ."

ಅವಳ ಕಿವಿಯವರೆಗೂ ಕೆಂಪಾಯಿತು. ಇಷ್ಟು ದಿನ ಕಾದಾಡಿದ ನಾಲಿಗೆ ಈಗ ತೊದಲಿತು.

"ಸು... ಸುಳ್ಳು ಹೇಳಿದ್ರ ಔಟ್. ಗೊತ್ತೈತಿಲ್ರಿ?"

"ಗೊತ್ತೈತಿ. 'ನಿಮ್ಮ ಕಾಲಾಗ ಏನೈತಿ ನೋಡಿಕೋರಿ' ಅಂದ್ರಲ್ಲ, ಅವತ್ತಿನಿಂದ ಇದು ಖರೇನ ಐತಿ. ಔಟ್ ಮಾಡ್ತೀರೇನು?"

ಶಿವದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮಪ್ಪ ಸುಲ್ತಾನ್ ಬಜಾರಿನ ಅಂಗಡಿಯಿಂದ ಇವತ್ತ ಲಗೂನ ಬರ್ತಾರ. ಸಂಜೀಕ ಮನಿಗೆ ಬರ್ರಿ."

"ಬರ್ತೀನಿ."

"ಬೂಟು ಹೊರಗ ಬಿಟ್ಟು ಬರ್ರಿ ಮತ್ತ!"